ಉಸಿರು ಬಿಡಿ

ಕುತೈಸಿಯ ಬ್ಯಾಂಕೊಂದು ಬೇಡವೆಂದು ಬಿಟ್ಟುಕೊಟ್ಟ ಕಂಪ್ಯೂಟರು
ನಮ್ಮ ಆಸ್ಪತ್ರೆಗೆ ಹೊಸದು.
ಎದೆಯ ಚಿತ್ರ ತೆಗೆಯುವ ಯಂತ್ರ ಮಾತ್ರ ಹಟಮಾರಿ,
ಇಪ್ಪತ್ತು ವರ್ಷ ಹಿಂದಿನ ವಿಂಡೋಸ್ ಬಿಟ್ಟರೆ
ಇನ್ಯಾರ ಮಾತಿಗೂ ಓಗೊಡದು.
ಹಾಗಾಗಿ ಗೋಚಾ, ತುಟಿಯಲ್ಲಿ ಹಚ್ಚದ ಸಿಗರೇಟು,
ಹೊಸದರ ಹೊಟ್ಟೆಯೊಳಗೆ ಹಳೆಯದೊಂದನ್ನು ಕಟ್ಟಿದ.
ಕಬ್ಬಿಣವಿಲ್ಲ, ತಂತಿಯಿಲ್ಲ,
ತಾನೊಂದು ಯಂತ್ರವೆಂದು ನಂಬಿಕೊಂಡ ಬರೀ ಲೆಕ್ಕ.
"ಒಳಗಿರುವುದು ಅತಿಥಿ, ಲಾಮಾರಾ. ಹೊರಗಿನದು ಆತಿಥೇಯ.
ಎಷ್ಟು ಕೊಡೋಣ?"

ಚಿಯಾತುರಾದಲ್ಲಿ ಕೇಳುವ ಪ್ರಶ್ನೆಯೇ ಅದು?
ಇಲ್ಲಿ ಬಾಗಿಲು ತಟ್ಟಿದವನು ದೇವರ ಕಡೆಯವನು.
ನನ್ನಜ್ಜಿ ಕೊನೆಯ ಕೋಳಿ ಕೊಯ್ದು ಬಡಿಸಿ
ತಾನು ಒಲೆಯ ಬಳಿ ನಿಂತೇ
ಬಾಣಲೆಗಂಟಿದ ಸೀಕು ಕೆರೆದು ತಿಂದವಳು.
"ಎಲ್ಲ ಕೊಡು," ಅಂದೆ.
ನಾಲ್ಕು ಕೋರ್‌ಗಳಲ್ಲಿ ನಾಲ್ಕೂ,
ನಾಲ್ಕು ಜಿಬಿಯಲ್ಲಿ ಮೂರೂವರೆ.
ಗೋಚಾ ಹುಬ್ಬೇರಿಸಿದ.
ಕೊಟ್ಟ.

ಮರುದಿನ ಮೊದಲು ಬಂದವನು ಮುರ್ತಾಜ್.
ಮ್ಯಾಂಗನೀಸ್ ಗಣಿಯಲ್ಲಿ ಇಪ್ಪತ್ತೇಳು ವರ್ಷ,
ಉಗುರಿನ ಸಂದಿಯಲ್ಲಿ ಇನ್ನೂ ಅದೇ ಕಪ್ಪು.
ಅಂಗಿ ಕಳಚಿ, ತಣ್ಣನೆಯ ಹಲಗೆಗೆ ಎದೆಯೊತ್ತಿ ನಿಂತ.
"ಉಸಿರೆಳೆದುಕೊಳ್ಳಿ. ಹಿಡಿಯಿರಿ."
ಗುಂಡಿ ಒತ್ತಿದೆ.

ಮರಳುಗಡಿಯಾರ.

ಆತಿಥೇಯನಿಗೆ ತನ್ನ ಮನೆಯಲ್ಲೇ ಕಾಲಿಡಲು ಜಾಗವಿಲ್ಲ.
ನೆನಪಿನ ಸಾಮಾನೆಲ್ಲ ಡಿಸ್ಕಿಗೆ ಹೊತ್ತುಹಾಕುತ್ತದೆ,
ಬೇಕಾದಾಗ ಮತ್ತೆ ಹೊತ್ತು ತರುತ್ತದೆ,
ತಂದದ್ದನ್ನಿಡಲು ಇನ್ನೊಂದನ್ನು ಹೊರುತ್ತದೆ,
ಫ್ಯಾನು ಏದುತ್ತದೆ.
ಒಳಗೆ ಅತಿಥಿ, ಉದ್ದ ಮೇಜಿನ ತುದಿಯಲ್ಲಿ,
ಖಾಲಿ ಲೋಟ ಹಿಡಿದು ಕೂತಿದೆ.
ಬಡಿಸುವವನು ಹೊಸ್ತಿಲಲ್ಲಿ ಕುಸಿದದ್ದು
ಅದಕ್ಕೆ ಕಾಣದು.
ಗೋಡೆಯ ಗಡಿಯಾರ ಹತ್ತೂ ಹತ್ತು,
ಅದರದು ಹತ್ತೂ ಏಳು.
ಬೆಳಗಿನಿಂದ ಎಲ್ಲೆಲ್ಲೋ ಉದುರಿದ ಮೂರು ನಿಮಿಷ
ಅದು ಎಲ್ಲೂ ಇರಲಿಲ್ಲ.
ಇರಲಿಲ್ಲವೆಂಬುದೂ ಗೊತ್ತಿಲ್ಲ.

ಗಾಜಿನಾಚೆ ಏನೋ ಸಣ್ಣ ಸದ್ದು.
ಅಯ್ಯೋ ಮುರ್ತಾಜ್!
ಬಿಡಿ ಅನ್ನುವುದನ್ನೇ ಮರೆತಿದ್ದೆ.
ಮುಖ ಕಪ್ಪು ದ್ರಾಕ್ಷಿಯ ಬಣ್ಣ,
ಹೇಳಿದ ಮಾತಿಗೆ ಇನ್ನೂ ಅಂಟಿಕೊಂಡೇ ನಿಂತಿದ್ದಾನೆ.
"ಉಸಿರು ಬಿಡಿ, ಬಿಡಿ!"
ಕೆಮ್ಮಿದ. ಕೆಮ್ಮು ಮುಗಿಯುವವರೆಗೂ ಕಾದು ನಕ್ಕ:
"ಗಣಿಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದೇನೆ, ತಂಗಿ."

ಮಧ್ಯಾಹ್ನ ಗೋಚಾ ಕಿಟಕಿಯಾಚೆ ಬೆರಳು ತೋರಿಸಿದ.
ಕಣಿವೆಯ ಮೇಲೆ ಹಗ್ಗದ ಗಾಡಿಗಳು.
ಅವನಪ್ಪ ಅವುಗಳ ಚಾಲಕನಾಗಿದ್ದವನು.
"ಒಂದು ಇಳಿಯದೆ ಇನ್ನೊಂದು ಏರಿದ್ದು ನೋಡಿದ್ದೀಯಾ?"

ಒಂದು ಕೋರ್, ಅರ್ಧ ಜಿಬಿ. ಮನಸ್ಸು ಚುರುಗುಟ್ಟಿತು,
ಉಣ್ಣುವವನ ಮುಂದಿನ ತಟ್ಟೆ ಎಳೆದುಕೊಂಡಂತೆ.
ಚಿತ್ರ ಬಂತು, ಪಕ್ಕೆಲುಬು ಒಂದೊಂದಾಗಿ ಮೆಟ್ಟಿಲು ಹತ್ತಿ,
ಮುದುಕರಂತೆ. ಸಾಲದು.
ಎರಡು ಕೋರ್, ಒಂದೂವರೆ ಜಿಬಿ.
ಹನ್ನೊಂದು ಸೆಕೆಂಡು.
ನಾಲ್ಕು ಕೊಟ್ಟಾಗ ಬಾರದ್ದು ಎರಡಕ್ಕೆ ಬಂತು.
ಫ್ಯಾನು ತಣ್ಣಗಾಯಿತು.
ಅಜ್ಜಿಯೂ ಒಂದು ತೊಡೆ ತನಗಿಟ್ಟುಕೊಂಡಿದ್ದರೆ
ಇನ್ನೊಂದು ಚಳಿಗಾಲದ ಅತಿಥಿಗಳಿಗೆ
ಬಾಗಿಲು ತೆರೆಯಲು ಇರುತ್ತಿದ್ದಳೇನೋ.

ಸಂಜೆ ಮುರ್ತಾಜ್‌ನನ್ನು ಮತ್ತೆ ಕರೆದೆ.
ಎಳೆದುಕೊಂಡ, ಹಿಡಿದ, ಬಿಡಿ ಅಂದೊಡನೆ ಬಿಟ್ಟ.
ಪರದೆಯ ಮೇಲೆ ಎರಡು ಶ್ವಾಸಕೋಶ,
ಹೊಲದ ಮೇಲೆ ಆಲಿಕಲ್ಲು ಬಿದ್ದ ಹಾಗೆ
ತುಂಬ ಬಿಳಿ ಚುಕ್ಕೆ.
ಅಂಗಿಯ ಗುಂಡಿ ಹಾಕಿಕೊಳ್ಳುತ್ತ
ನನ್ನ ಹೆಗಲ ಹಿಂದೆ ಬಂದು ನಿಂತ.
"ಎಷ್ಟು ಉಳಿದಿದೆ?"

ಬೆಳಗಿನಿಂದ ಅದೇ ಪ್ರಶ್ನೆ, ಅದೇ ಅಭ್ಯಾಸ.
ಕಣ್ಣು ತಾನಾಗಿ ಪರದೆಯ ಮೂಲೆಗೆ ಹೋಯಿತು.
ಎಂಟುನೂರು ಎಂಬಿ, ಅನ್ನಲು ಬಾಯಿ ತೆರೆದವಳು
ತಡೆದು
ಡಾಕ್ಟರು ಹೇಳುತ್ತಾರೆ, ಕೂತುಕೊಳ್ಳಿ, ಅಂದೆ.